ಹುಳುಕಡ್ಡಿಗೆ ಇನ್ನೂ ಪವರ್ ಇರುವ ಮುಲಾಮು ಯಾವುದು?

ಹಚ್ಚಿದರೆ ಮೂರು ದಿನಕ್ಕೆ ಮಾಯ, ಬಿಟ್ಟರೆ ವಾರದಲ್ಲಿ ವಾಪಸ್ಸು, ಉಂಗುರ ಮಾತ್ರ ಪ್ರತಿ ಸಲ ಇನ್ನಷ್ಟು ದೊಡ್ಡದು. ಮುಲಾಮು ಬದಲಿಸಲೇ, ಆಂಟಿಬಯಾಟಿಕ್ ನುಂಗಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನೀವು ಬರೆದಿರುವುದು 2018ರ ನನ್ನ ಕಥೆ.

ಆಗ ಬಿಟಿಎಂ ಬಡಾವಣೆಯ ಪಿ.ಜಿ.ಯೊಂದರಲ್ಲಿ ಮೂವರು ಒಂದೇ ಕೋಣೆಯಲ್ಲಿದ್ದೆವು. ಜುಲೈ ತಿಂಗಳ ಜಿಟಿಜಿಟಿ ಮಳೆ. ತಾರಸಿಯಲ್ಲಿ ಒಣಹಾಕಿದ ಜೀನ್ಸನ್ನು ಹೊಲಿಗೆಯ ಬಳಿ ಇನ್ನೂ ತಣ್ಣಗಿರುವಾಗಲೇ ಹಾಕಿಕೊಂಡು, ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಬಸ್ಸಿನೊಳಗೆ ಬೆವರುತ್ತಾ ಕೂರುತ್ತಿದ್ದೆ. ತೊಡೆಸಂದಿಯಲ್ಲಿ ಎಂಟಾಣೆಯಷ್ಟಗಲ ಕೆಂಪು ಉಂಗುರ ಎದ್ದಿತು. ಔಷಧ ಅಂಗಡಿಯಲ್ಲಿ ನಾಚಿಕೊಂಡು ಏನೋ ಗೊಣಗಿದೆ. ಅಂಗಡಿಯವನು ತಲೆಯೆತ್ತದೆ ಒಂದು ಟ್ಯೂಬ್ ಕೊಟ್ಟ.

ಆ ಟ್ಯೂಬಿನ ಬಗ್ಗೆ ಉದ್ದಕ್ಕೇ ಹೇಳುತ್ತೇನೆ, ನಾನು ಕೆಟ್ಟಿದ್ದು ಅಲ್ಲೇ. ಹುಳುಕಡ್ಡಿ ತರುವುದು ಶಿಲೀಂಧ್ರ, ಬೂಷ್ಟಿನ ಜಾತಿಯದು. ಆ ಟ್ಯೂಬಿನಲ್ಲಿ ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧ, ಜೊತೆಗೆ ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಇತ್ತು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ತೀಕ್ಷ್ಣ ದರ್ಜೆಯದು. ಕೆಂಪು, ಉರಿ, ತುರಿಕೆಯೆಲ್ಲ ಶಿಲೀಂಧ್ರವನ್ನು ಓಡಿಸಲು ನಮ್ಮ ದೇಹ ಎಬ್ಬಿಸುವ ಗಲಾಟೆ. ಸ್ಟೀರಾಯ್ಡ್ ಆ ಗಲಾಟೆಯನ್ನು ಅಡಗಿಸುತ್ತದೆ. ಕಳ್ಳನನ್ನು ಕಂಡು ಬೊಗಳುವ ನಾಯಿಗೆ ನಿದ್ದೆಮಾತ್ರೆ ತಿನ್ನಿಸಿದ ಹಾಗೆ: ಮನೆ ನಿಶ್ಶಬ್ದ, ಕಳ್ಳ ಒಳಗೇ. ತುರಿಕೆ ನಿಂತಿದ್ದೇ ವಾಸಿಯಾಯಿತೆಂದು ಹಚ್ಚುವುದನ್ನು ಬಿಟ್ಟೆ. ಅದು ಮರಳಿತು. ಮತ್ತೆ ಹಚ್ಚಿದೆ. ಹೀಗೆ ಐದು ತಿಂಗಳು, ಒಂಬತ್ತು ಟ್ಯೂಬ್. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಸರ್ಕಾರ ಅದೇ ವರ್ಷ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತ್ತು. ಚೀಟಿಯನ್ನು ಅವನು ಕೇಳಲಿಲ್ಲ, ನನ್ನಲ್ಲಿ ಇರಲೂ ಇಲ್ಲ.

ಗೌರಿ ಹಬ್ಬಕ್ಕೆ ತುಮಕೂರಿಗೆ ಹೋದವನು ಅಮ್ಮನ ಟವೆಲ್ಲಿನಲ್ಲೇ ಮೈ ಒರೆಸಿಕೊಂಡೆ. ದೀಪಾವಳಿಗೆ ಹೋದಾಗ ಅಮ್ಮ ಲಂಗದ ಲಾಡಿ ಕಟ್ಟುವ ಜಾಗವನ್ನು ಸೀರೆಯ ಮೇಲಿಂದಲೇ ಕೆರೆದುಕೊಳ್ಳುತ್ತಿದ್ದಳು. "ಬೆವರುಸಾಲೆ ಕಣೋ" ಎಂದಳು. ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಡಿಸೆಂಬರ್‌ನಲ್ಲಿ ಕೊನೆಗೂ ಚರ್ಮವೈದ್ಯೆಯ ಬಳಿ ಹೋದೆ. ಅವರು ಉಂಗುರದ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಒತ್ತುಶ್ಯಾವಿಗೆಯಂಥ ಎಳೆಗಳು, ಅಲ್ಲಲ್ಲಿ ಕವಲು. ಆ ಎಳೆಗಳೇ ತುಂಡುತುಂಡಾಗಿ ಬೀಜಕಗಳಾಗುತ್ತವಂತೆ. ಉದುರಿದ ಚರ್ಮದ ಜೊತೆ ಟವೆಲ್, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಕಾದಿರುತ್ತವಂತೆ. (ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳುವಿದೆ, ರೋಗದಲ್ಲಿಲ್ಲ.)

ನಾನೂ ನಿಮ್ಮ ಹಾಗೆ ಆಂಟಿಬಯಾಟಿಕ್ ಕೇಳಿದೆ. "ಕೊಬ್ಬರಿಯ ಮೇಲಿನ ಬೂಷ್ಟಿಗೂ ಅದನ್ನೇ ಹಾಕುತ್ತೀರಾ?" ಎಂದು ನಕ್ಕರು. ಬ್ಯಾಕ್ಟೀರಿಯಾ ಒಂದು ಎರಡಾಗಿ ಒಡೆಯುತ್ತಾ ಬೆಳೆಯುತ್ತದೆ, ಕೆಲವಕ್ಕೆ ಇಪ್ಪತ್ತು ನಿಮಿಷ ಸಾಕು. ಅದರ ಕೋಶಭಿತ್ತಿಯಂಥದ್ದು ನಮ್ಮಲ್ಲಿಲ್ಲ, ಹಾಗಾಗಿ ಪೆನಿಸಿಲಿನ್ ನಮ್ಮ ಕೋಶಗಳನ್ನು ಬಿಟ್ಟು ಅದಕ್ಕಷ್ಟೇ ಹೊಡೆಯಬಲ್ಲದು. ವೈರಸ್‌ಗೆ ಸ್ವಂತ ಕಾರ್ಖಾನೆಯೇ ಇಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿ ಅಲ್ಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಶಿಲೀಂಧ್ರದ ಕೋಶವಾದರೋ ನಮ್ಮದಕ್ಕೆ ದಾಯಾದಿ. ಅದನ್ನು ಕೊಂದು ನಮ್ಮನ್ನು ಉಳಿಸುವ ಗುರಿಗಳು ಕಡಿಮೆ. ಅದರ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಅಂಥದ್ದೊಂದು, ಹೆಚ್ಚಿನ ಔಷಧಗಳು ಅದನ್ನೇ ಹಿಡಿಯುತ್ತವೆ. ಆ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಈಗ ಟರ್ಬಿನಾಫಿನ್ ಎಂಬ ಶಿಲೀಂಧ್ರದ ಔಷಧಕ್ಕೂ ಬಗ್ಗದ ತಳಿಗಳು ಹಬ್ಬಿವೆ; 2020ರಲ್ಲಿ ಹೆಸರಿಟ್ಟ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹುಳುಕಡ್ಡಿ ಶಿಲೀಂಧ್ರ ನಮ್ಮ ದೇಶವನ್ನು ಹೆಸರಿನಲ್ಲೇ ಹೊತ್ತಿದೆ. ಏನು ಕೀರ್ತಿ!

ಆದ್ದರಿಂದ ಪವರ್ ಎಂಬ ಮಾತು ಬಿಡಿ. ಚರ್ಮವೈದ್ಯರಲ್ಲಿಗೆ ಹೋಗಿ, ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. "ಏನು ಹಚ್ಚಿದಿರಿ?" ಎಂದಾಗ ನಾನು "ಏನೂ ಇಲ್ಲ" ಎಂದಿದ್ದೆ, ಅವರು ಟಾರ್ಚ್ ಹಾಕಿ ತೊಡೆ ನೋಡಿದ ಕೂಡಲೇ ಸುಳ್ಳು ಸಿಕ್ಕಿಬಿತ್ತು. ಸ್ಟೀರಾಯ್ಡ್ ಬಿಟ್ಟ ಮೇಲೆ ಕೆಲ ದಿನ ತುರಿಕೆ ಕೆರಳಬಹುದು, ಹೆದರಿ ಮತ್ತೆ ಹಚ್ಚಬೇಡಿ. ಟವೆಲ್ ನಿಮ್ಮದೇ ಇರಲಿ, ಒಳಉಡುಪು ಬಿಸಿಲಿನಲ್ಲಿ ಪೂರ್ತಿ ಒಣಗಲಿ. ಕೋಣೆಯವರಿಗೂ ಇದ್ದರೆ ಅವರನ್ನೂ ಎಳೆದುಕೊಂಡು ಹೋಗಿ. ನಾಚಿಕೆಯ ಮಾತು ನನ್ನ ಹತ್ತಿರ ಬೇಡ.

ಅಮ್ಮ ಸ್ಟೀರಾಯ್ಡ್ ಮುಟ್ಟಿರಲಿಲ್ಲ, ಆರು ವಾರಕ್ಕೆ ವಾಸಿಯಾದಳು. ನನಗೆ ಏಳು ತಿಂಗಳು ಹಿಡಿಯಿತು. ಕ್ಲೊಬೆಟಸಾಲ್ ಚರ್ಮವನ್ನು ತೆಳುವಾಗಿಸಿ ಎಳೆದ ಗೆರೆಗಳು ಎರಡೂ ತೊಡೆಗಳ ಒಳಗೆ ಮೀನಿನ ಮುಳ್ಳಿನಂತೆ ಇವತ್ತಿಗೂ ಇವೆ.