ದೀರ್ಘ ಓಟಕ್ಕೆ ಜೊತೆ ಬೇಕು: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ 36 ವರ್ಷದ ಮಹಿಳೆ, ಕಚೇರಿ ಉದ್ಯೋಗಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಎರಡು ಹಾಫ್ ಮ್ಯಾರಥಾನ್ ಮುಗಿಸಿ, ಮೊದಲ ಪೂರ್ಣ ಮ್ಯಾರಥಾನಿಗೆ, ಅಂದರೆ 42.195 ಕಿ.ಮೀ.ಗೆ, 18 ವಾರಗಳ ತರಬೇತಿ ಹಿಡಿದಿದ್ದರು. ಎಂಟನೇ ವಾರ ಬಂದಾಗ ಅವರದು ಒಂದೇ ಮಾತು: "ನನಗೆ ಮನೋಬಲವೇ ಇಲ್ಲ."

ಓಟದ ದಿನಚರಿ ತೆರೆಸಿ ನೋಡಿದರೆ ಹಾಗೇನೂ ಕಾಣಲಿಲ್ಲ. ವಾರದ ನಡುವಿನ 6ರಿಂದ 8 ಕಿ.ಮೀ. ಓಟಗಳಲ್ಲಿ ಒಂದೂ ತಪ್ಪಿಲ್ಲ. ತಪ್ಪಿದ್ದು ಭಾನುವಾರದ ಲಾಂಗ್ ರನ್, ಅಂದರೆ ವಾರದ ಅತಿ ದೀರ್ಘ ಓಟ ಮಾತ್ರ, ಅದೂ ದೂರ 20 ಕಿ.ಮೀ. ದಾಟಬೇಕಾದಾಗ. ಒಮ್ಮೆ ಹಾಸಿಗೆಯಿಂದಲೇ ಏಳಲಿಲ್ಲ, ಇನ್ನೆರಡು ಸಲ 14ರ ಸುಮಾರಿಗೆ ಮನೆಗೆ ತಿರುಗಿದರು. ಕಿ.ಮೀ.ಗೆ 7:15 ನಿಮಿಷದ ವೇಗದಲ್ಲಿ 24 ಕಿ.ಮೀ. ಎಂದರೆ ಹತ್ತಿರಹತ್ತಿರ ಮೂರು ಗಂಟೆ. ಅಷ್ಟು ಹೊತ್ತು ಒಬ್ಬರೇ ಓಡುವಾಗ "ಇನ್ನು ಸಾಕು" ಎಂಬ ಮಾತಿಗೆ ಎದುರಾಡುವವರು ಯಾರೂ ಇರುವುದಿಲ್ಲ. ಕೊರತೆ ಇದ್ದದ್ದು ಅಲ್ಲಿ.

ಗುಂಪು ಸೇರುವ ಮಾತೆತ್ತಿದ ಕೂಡಲೇ ಹಿಂಜರಿದರು. "ನಾನು ನಿಧಾನ, ಎಲ್ಲರೂ ನನಗಾಗಿ ಕಾಯಬೇಕಾಗುತ್ತದೆ." ಈ ಸಂಕೋಚವನ್ನು ಧೈರ್ಯದ ಮಾತಿನಿಂದ ಕಳೆಯಲಾಗುವುದಿಲ್ಲ, ವ್ಯವಸ್ಥೆಯಿಂದಲೇ ಕಳೆಯಬೇಕು. ಮೊದಲು ಕೊಟ್ಟ ಸಲಹೆ: ಸೇರುವ ಮುನ್ನ ಗುಂಪಿನ ಹೆಸರು, ಖ್ಯಾತಿ ಕೇಳಬೇಡಿ. ಅವರ ಲಾಂಗ್ ರನ್ನಿನ ವೇಗ ಎಷ್ಟು, ಹಿಂದುಳಿದವರೊಡನೆ ಒಬ್ಬರಾದರೂ ಉಳಿಯುತ್ತಾರೆಯೇ, ಇವೆರಡನ್ನೇ ಕೇಳಿ.

ಎರಡನೆಯದು, ಜೊತೆಯನ್ನು ಓಟದ ಕೊನೆಗೆ ಇಡುವುದು. 22 ಕಿ.ಮೀ. ಇದ್ದರೆ ಮೊದಲ 8 ಒಬ್ಬರೇ ಓಡಿ, ಗುಂಪು ಹೊರಡುವ ಹೊತ್ತಿಗೆ ಅಲ್ಲಿ ಸೇರಿಕೊಳ್ಳುವುದು. ಹೆಚ್ಚಿನವರು ಜೊತೆಯಲ್ಲಿ ಹೊರಟು ಒಂಟಿಯಾಗಿ ಮುಗಿಸುತ್ತಾರೆ. ಇವರು ಬಿಟ್ಟುಬಿಡುತ್ತಿದ್ದದ್ದು 14ರ ಬಳಿಯಾದ್ದರಿಂದ ಆ ಕ್ರಮವನ್ನು ತಿರುಗಿಸಬೇಕಿತ್ತು. ಮೂರನೆಯದು, ಹಿಂದಿನ ರಾತ್ರಿ ಒಬ್ಬರಿಗೆ, ಒಬ್ಬರಿಗೇ, "ಇಷ್ಟು ಗಂಟೆಗೆ, ಈ ಜಾಗಕ್ಕೆ ಬರುತ್ತೇನೆ" ಎಂದು ತಿಳಿಸುವುದು. ಮೂವತ್ತು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿದ ಮಾತು ಯಾರಿಗೂ ಹೇಳಿದಂತಲ್ಲ.

ಒಂಬತ್ತನೇ ವಾರ 22 ಕಿ.ಮೀ. ಮುಗಿಯಿತು. ಹತ್ತನೇ ವಾರ ಕೆಟ್ಟಿತು. ತಮ್ಮ ವೇಗದವರು ಬಾರದ ದಿನ ಕಿ.ಮೀ.ಗೆ 6:30 ನಿಮಿಷದ ವೇಗದ ತಂಡದ ಬೆನ್ನು ಹಿಡಿದರು. ಜೊತೆಗಾರರಿದ್ದಾಗ ದಣಿವು ತಡವಾಗಿ ಗೊತ್ತಾಗುತ್ತದೆ. ಲಾಭವೂ ಅದೇ, ಅಪಾಯವೂ ಅದೇ. ಇತರರ ಜೊತೆ ಸವಾರಿ ಮಾಡುವ ಸೈಕಲ್ ಪಟುಗಳ ವೇಗ ಹೆಚ್ಚುತ್ತದೆಂದು ಮನೋವಿಜ್ಞಾನಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದರು. ಆದರೆ ಲಾಂಗ್ ರನ್ನಿಗೆ ಬೇಕಾದದ್ದು ವೇಗವಲ್ಲ, ಕಾಲಿನ ಮೇಲೆ ಕಳೆಯುವ ಸಮಯ. ಅಂದು 18ನೇ ಕಿ.ಮೀ.ಗೆ ನಡಿಗೆ, ಮರುದಿನ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಉದ್ದಕ್ಕೂ ನೋವು, ಅದಕ್ಕಿಂತ ಹೆಚ್ಚಾಗಿ ಅವಮಾನ.

ನೋವನ್ನು ವೈದ್ಯರಿಗೆ ತೋರಿಸಲು ಹೇಳಲಾಯಿತು. ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋಯುವುದಾದರೆ ಅದು ಒತ್ತಡದ ಬಿರುಕಿರಬಹುದು, ಅದರ ಮೇಲೆ ಓಡುವಂತಿಲ್ಲ. ಇವರಿಗೆ ಅಂಥದ್ದೇನೂ ಇರಲಿಲ್ಲ, ಒಂದು ವಾರದ ವಿಶ್ರಾಂತಿ ಸಾಕಾಯಿತು. ಅವಮಾನದ ಮಾತಿಗೆ ಇನ್ನೊಂದು ಭೇಟಿ ಬೇಕಾಯಿತು. ಅಂದು ಏನಾಯಿತೆಂದು ಹಂತಹಂತವಾಗಿ ಹೇಳಿಸಿದಾಗ, ಗುಂಪು ಸೇರಿ 5 ಕಿ.ಮೀ. ಆದ ನಂತರ ತಾವು ಬರೀ "ಹೂಂ" ಅನ್ನುತ್ತಿದ್ದುದು ಅವರಿಗೇ ನೆನಪಾಯಿತು. ಅದನ್ನೇ ಗುರುತಾಗಿ ಇಟ್ಟುಕೊಂಡೆವು: ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಇಳಿಸಬೇಕು, ಗುಂಪು ಮುಂದೆ ಹೋದರೆ ಹೋಗಲಿ. "ನೀವು ಹೋಗಿ, ನಾನು ನನ್ನ ವೇಗದಲ್ಲಿ ಬರ್ತೀನಿ" ಎಂಬ ಮಾತನ್ನು ಕೊಠಡಿಯಲ್ಲೇ ಗಟ್ಟಿಯಾಗಿ ಹೇಳಿಸಿ ರೂಢಿ ಮಾಡಿಸಲಾಯಿತು. ನಗು ಬರುವಂಥ ಅಭ್ಯಾಸ, ಆದರೆ ಸಂಕೋಚದವರಿಗೆ ಇದಿಲ್ಲದೆ ಆಗುವುದಿಲ್ಲ.

ತಪ್ಪಿದ ಓಟಗಳನ್ನು ಮುಂದಿನ ವಾರಕ್ಕೆ ಕೂಡಿಸಬಾರದೆಂದೂ ತಿಳಿಸಲಾಯಿತು. ಹನ್ನೆರಡನೇ ವಾರ ಮತ್ತೆ 22ರಿಂದ ಆರಂಭಿಸಿ, ಹದಿನೈದನೇ ವಾರ 29 ಮುಟ್ಟಿದರು. 32 ಆಗಲೇಬೇಕೆಂಬ ಹಟ ಅವರಿಗಿತ್ತು. ಟೇಪರ್ ವಾರಗಳಲ್ಲಿ, ಅಂದರೆ ಸ್ಪರ್ಧೆಗೆ ಮುನ್ನ ಓಟ ತಗ್ಗಿಸುವ ಕೊನೆಯ ವಾರಗಳಲ್ಲಿ, ಅದನ್ನು ತುರುಕಿದರೆ ಸ್ಪರ್ಧೆಗೆ ದಣಿದ ಕಾಲುಗಳೇ ಹೋಗುತ್ತವೆ ಎಂದು ಬಿಡಿಸಿದೆವು.

ಹದಿನಾಲ್ಕನೇ ವಾರದ ಓಟದಲ್ಲಿ ಕೊನೆಯ 6 ಕಿ.ಮೀ. ಬೇಕೆಂದೇ ಒಬ್ಬರೇ ಓಡಿಸಲಾಗಿತ್ತು. ಸ್ಪರ್ಧೆಯ ದಿನ ಜೊತೆಯವರು ಎಲ್ಲಿ ಕೈಬಿಡುತ್ತಾರೋ ಹೇಳಲಾಗದು. ಜೊತೆಗೆ ಓಡುವ ಗೆಳತಿಯೊಡನೆ ಮೊದಲೇ ಆದ ಒಪ್ಪಂದ ಹೀಗಿತ್ತು: 25 ಕಿ.ಮೀ.ವರೆಗೆ ಒಟ್ಟಿಗೆ, ಆಮೇಲೆ ಯಾರೂ ಯಾರಿಗೂ ಕಾಯುವಂತಿಲ್ಲ, ಕ್ಷಮೆ ಕೇಳುವಂತಿಲ್ಲ.