ಮಿಹಾಯ್ ಷೋರಾ ಅವಕಾಶವಾದಿಯೇ?

1948ರಲ್ಲಿ ಫ್ರಾನ್ಸ್‌ನಿಂದ ಕಮ್ಯುನಿಸ್ಟ್ ರುಮೇನಿಯಕ್ಕೆ ಮರಳಿ ಸರ್ಕಾರಿ ಕೆಲಸದಲ್ಲಿದ್ದ ತತ್ತ್ವಜ್ಞಾನಿ ಮಿಹಾಯ್ ಷೋರಾ, ಕಮ್ಯುನಿಸ್ಟ್ ಆಡಳಿತವನ್ನು ಕೊನೆಗಾಣಿಸಿದ 1989ರ ಕ್ರಾಂತಿಯ ನಂತರ ಶಿಕ್ಷಣ ಸಚಿವರಾದದ್ದು ಅವಕಾಶವಾದವಲ್ಲವೇ ಎಂದು ತಾವು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಮರಳುವ ಹಿಂದಿನ ವರ್ಷವಷ್ಟೇ, 1947ರಲ್ಲಿ, ಪ್ಯಾರಿಸ್‌ನಲ್ಲಿ ಮೊದಲ ಕೃತಿಯನ್ನು ಪ್ರಕಟಿಸಿದ್ದ ಅವರು, ಹೆಸರು ಮಾಡುವುದೇ ಗುರಿಯಾಗಿದ್ದರೆ ಅಲ್ಲೇ ಉಳಿಯಬಹುದಿತ್ತು. ಮರಳಿದ ಮೇಲೆ ಎರಡನೆಯ ಕೃತಿ ಹೊರಬಂದದ್ದು 1978ರಲ್ಲಿ. ನಡುವೆ ಸರ್ಕಾರಿ ಪ್ರಕಾಶನದಲ್ಲಿ ಅಗ್ಗದ ಬೆಲೆಯ ಪುಸ್ತಕಮಾಲೆಯೊಂದನ್ನು ಅವರು ನೋಡಿಕೊಳ್ಳುತ್ತಿದ್ದರು. ದೇಶ ತೊರೆದ ಕವಿಗಳೂ ಇದ್ದ ಸಂಕಲನವೊಂದನ್ನು ಅಚ್ಚು ಹಾಕಿಸಿದ್ದಕ್ಕೆ, 1960ರ ದಶಕದ ಕೊನೆಯಲ್ಲಿ, ಆ ಹುದ್ದೆಯನ್ನೇ ಕಳೆದುಕೊಂಡರು. ಸಚಿವ ಪದವಿಯಾದರೂ (ಆಗ ಅವರಿಗೆ ಎಪ್ಪತ್ತಮೂರು ವರ್ಷ!) 1990ರ ಜೂನ್‌ಗೆ ಮುಗಿಯಿತು. 2023ರಲ್ಲಿ, 106ರ ವಯಸ್ಸಿನಲ್ಲಿ ತೀರಿಕೊಂಡ ಅವರು ನೂರು ದಾಟಿದ ಮೇಲೂ ಬುಕಾರೆಸ್ಟ್‌ನ ಬೀದಿಗಳಲ್ಲಿ ಸರ್ಕಾರದ ವಿರುದ್ಧದ ಪ್ರತಿಭಟನೆಗಳಿಗೆ ಬಂದು ನಿಲ್ಲುತ್ತಿದ್ದರು.