ಆಫ್ರಿಕಾದಿಂದ ಹೋದವರೆಲ್ಲ ಡಾಕ್ಟರಾ?

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಆಫೀಸಿನಲ್ಲಿ ನೈಜೀರಿಯಾದವರು ಇಬ್ಬರಿದ್ದಾರೆ, ಇಬ್ಬರೂ ತುಂಬಾ ಓದಿದವರು. "ಆಫ್ರಿಕಾದಿಂದ ಬಂದವರು ದುಡಿದು ಮೇಲೆ ಬರುತ್ತಾರೆ, ಇಲ್ಲಿನ ಕಪ್ಪು ಜನ ಸುಮ್ನೆ ದೂರುತ್ತಾರೆ" ಅಂತಾನೆ. ಸೊಸೆ "ಅವರೆಲ್ಲ ಅನುಕೂಲಸ್ಥರ ಮನೆಯವರು, ಅವರಿಗೇನು ಕಷ್ಟ" ಅಂತಾಳೆ. ಫೋನಿನಲ್ಲೇ ಜಗಳ. ಯಾರು ಸರಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಕ್ಕಾ, ಸೊಸೆಯ ಮಾತಿನಲ್ಲಿ ಹುರುಳು ಜಾಸ್ತಿ. ಆದರೆ 'ಅವರಿಗೇನು ಕಷ್ಟ' ಅಂದಳಲ್ಲ, ಅಲ್ಲಿ ಎಡವಿದ್ದಾಳೆ.

ಡೊಂಬಿವಲಿ ಲೋಕಲ್‌ನಲ್ಲಿ ಜೋತುಬಿದ್ದು ಹೋಗುವವರೆಲ್ಲ ಅಮೆರಿಕಕ್ಕೆ ಹೋಗಲಿಲ್ಲವಲ್ಲ, ನಿಮ್ಮ ಮಗ ಹೋದ. ನೈಜೀರಿಯಾದ್ದೂ ಅದೇ ಕತೆ. ಓದಿಸಿದ ಅಪ್ಪ ಅಮ್ಮ, ಇಂಗ್ಲಿಷು, ವಿಮಾನದ ಟಿಕೆಟಿಗೆ ಕಾಸು, ಇಷ್ಟು ಇದ್ದವರೇ ಜರಡಿ ದಾಟುವುದು. 1990ರ ಕಾನೂನು ತಂದ, ಚೀಟಿ ಎತ್ತಿ ಅಮೆರಿಕದಲ್ಲಿ ನೆಲೆಸಲು ಬಿಡುವ ವೀಸಾ ಲಾಟರಿಯಲ್ಲೂ ಹೆಸರು ಬಂದರೆ ಸಾಲುತ್ತಿರಲಿಲ್ಲ, ಹನ್ನೆರಡು ವರ್ಷದ ಓದು ಅಥವಾ ಕಸುಬಿನ ಅನುಭವ ತೋರಿಸಬೇಕಿತ್ತು. ಹೀಗೆ ಆರಿಸಿ ಬಂದವನನ್ನು, ಮುತ್ತಜ್ಜನನ್ನು ಗುಲಾಮನೆಂದು ಹರಾಜಿನಲ್ಲಿ ಮಾರಿದ, ಅಜ್ಜನಿಗೆ ಬ್ಯಾಂಕು ಮನೆ ಸಾಲವನ್ನೇ ಕೊಡದ ಕುಟುಂಬದವನ ಪಕ್ಕ ನಿಲ್ಲಿಸಿ 'ಇವನು ಜಾಣ, ಅವನು ಸೋಮಾರಿ' ಅಂದರೆ ನ್ಯಾಯವಾ? ಮತ್ತೆ, ನಮ್ಮಂಥ ದೇಶದವರಿಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಆ 'ದೂರುವ ಜನ' ಸಮಾನ ಹಕ್ಕಿಗಾಗಿ ಬೀದಿಗಿಳಿದು ಪೊಲೀಸರ ಲಾಠಿ ತಿಂದ ದಿನಗಳಲ್ಲೇ ಅದು ಬಂತು. ನಿಮ್ಮ ಮಗ ಒಳಗೆ ಹೋದದ್ದೂ ಅದೇ ಬಾಗಿಲಿನಿಂದ.

ಇಂಥ ಮಾತು ನನಗೂ ಹೊಸದಲ್ಲ. ಹುಡುಗನಾಗಿದ್ದಾಗ ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಕಪ್-ಬಸಿ ತೊಳೆದು, ಸೋಡಾಪುಡಿ ನಾರುವ ಕೈಯಲ್ಲೇ ರಾತ್ರಿ ಶಾಲೆಗೆ ಓಡುತ್ತಿದ್ದೆ. ಈಗಲೂ ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ "ನೀವು ಶೆಟ್ಟರಲ್ವಾ, ಎಷ್ಟು ಹೋಟೆಲ್ ಇದೆ?" ಅಂತ ಕೇಳುತ್ತಾರೆ. ಒಂದು ಕಾಲದಲ್ಲಿ ಇದೇ ಊರು ನಮ್ಮನ್ನು ಲುಂಗಿಯವರು, ಕೆಲಸ ಕಸಿಯುವವರು ಅಂತ ಓಡಿಸಲು ನೋಡಿತ್ತು. ಆಗ ನನ್ನ ಹೆಗಲ ಮೇಲಿದ್ದದ್ದು ಟೇಬಲ್ ಒರೆಸುವ ಬಟ್ಟೆ.

ಇನ್ನು ಸೊಸೆಗೆ. ಆಫ್ರಿಕಾ ಅಂದ್ರೆ ಒಂದು ತಾಲೂಕಾ? 54 ದೇಶ. ಯುದ್ಧಕ್ಕೆ ಹೆದರಿ, ಕ್ಯಾಂಪಿನಲ್ಲಿ ವರ್ಷಗಟ್ಟಲೆ ಕಾದು ಅಮೆರಿಕದ ಮಿನಿಯಾಪೊಲಿಸ್ ಸೇರಿದ ಸೊಮಾಲಿಗಳಿಗೆ ಎಲ್ಲಿಯ ಅನುಕೂಲ? ಡಿಗ್ರಿ ಇದ್ದವರೂ ಅದು ಅಲ್ಲಿ ನಡೆಯದೆ ಟ್ಯಾಕ್ಸಿ ಓಡಿಸುವುದುಂಟು. ರಸ್ತೆಯಲ್ಲಿ ತಡೆಯುವ ಪೊಲೀಸನಿಗೆ ನೈಜೀರಿಯಾದವನು ಯಾರು, ಅಮೆರಿಕದ್ದೇ ಅಲಬಾಮಾದವನು ಯಾರು ಅಂತ ಗೊತ್ತಾಗುತ್ತಾ? 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಅಮಾಡು ಡಿಯಾಲೊ ಎಂಬ, ಆಫ್ರಿಕಾದ ಗಿನಿ ಮೂಲದ 23ರ ಹುಡುಗ, ಫುಟ್‌ಪಾತಿನಲ್ಲಿ ಸಾಮಾನು ಮಾರಿ ಬದುಕುತ್ತಿದ್ದವನು, ತನ್ನ ಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದದ್ದು ಪರ್ಸು. ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಮರುವರ್ಷ ಕೋರ್ಟಿನಲ್ಲಿ ನಾಲ್ವರೂ ಬಿಡುಗಡೆಯಾದರು.

ಮಗನಿಗೆ ಹೇಳಿ, ಆ ಇಬ್ಬರನ್ನೂ ಒಂದು ಭಾನುವಾರ ಊಟಕ್ಕೆ ಕರೆಯಲಿ. ರಾತ್ರಿ ಕಾರಿನಲ್ಲಿ ಮನೆಗೆ ಹೋಗುವಾಗ ಅವರಿಗೆ ಹೇಗನ್ನಿಸುತ್ತೆ ಅಂತ ಕೇಳಲಿ, ಸೊಸೆಯೂ ಪಕ್ಕದಲ್ಲೇ ಕೂತಿರಲಿ.